ಚಟ್ನಿ ಅಲ್ಲ, ಸಂಬಲ್

ಕೇಳುಗರಿಗೆ ನಮಸ್ಕಾರ.

ಮಂಗಳೂರಿನಿಂದ ಪುತ್ತೂರು ದಾಟಿ ಸುಳ್ಯದ ಕಡೆ ಹೋಗುವಾಗ ರಬ್ಬರ್ ತೋಟಗಳನ್ನು ನೋಡಿರುತ್ತೀರಿ. ಅವುಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳೂ ಇವೆ. ಅಲ್ಲಿ ಮುಂಜಾನೆ ಎದ್ದು ಮರ ಗೀರಿ ಹಾಲು ತೆಗೆಯುವವರಲ್ಲಿ ತುಂಬಾ ಮಂದಿ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬದವರು. ಊರಿನವರ ಬಾಯಲ್ಲಿ ಅವರು 'ಸಿಲೋನಿನವರು'.

ಅವರ ಹಿರಿಯರನ್ನು ಬ್ರಿಟಿಷರು ತಮಿಳುನಾಡಿನಿಂದ ಸಿಲೋನಿನ ಎಸ್ಟೇಟುಗಳಿಗೆ ಕೆಲಸಕ್ಕೆ ಕರೆದೊಯ್ದಿದ್ದರು. ಎಷ್ಟೋ ತಲೆಮಾರು ಅಲ್ಲೇ ಕಳೆಯಿತು. ಆ ದೇಶಕ್ಕೆ ಸ್ವಾತಂತ್ರ್ಯ ಬಂದ 1948ರಲ್ಲೇ ಅಲ್ಲಿನ ಪೌರತ್ವ ಕಾನೂನು ಇವರನ್ನು ಹೊರಗಿಟ್ಟಿತು. 1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಇವರನ್ನು ಎರಡು ದೇಶಗಳಿಗೆ ಹಂಚುವ ಒಪ್ಪಂದಕ್ಕೆ ಸಹಿ ಹಾಕಿದರು. 5,25,000 ಜನ ಭಾರತಕ್ಕೆ ಅಂತ ಲೆಕ್ಕವಾಯಿತು. ಕಾಗದದಲ್ಲಿ ಇವರು ತಾಯ್ನಾಡಿಗೆ ಮರಳಿದವರು. ಹುಟ್ಟಿದ ಮನೆಗೆ ಬೀಗ ಹಾಕಿ ಬಂದವರಿಗೆ ಅದು ಮರಳಿದ ಹಾಗೆ ಇತ್ತಾ? ಅವರ ಅಡುಗೆಮನೆ ನೋಡಿದ ಮೇಲೆ ನನಗೆ ಹಾಗೆ ಅನಿಸುವುದಿಲ್ಲ.

ಅಂಥ ಒಂದು ಮನೆಗೆ ಹೋಗಿದ್ದೆ. ಕೆಲಸದ ಜತೆ ಸಿಕ್ಕ ಸಣ್ಣ ಮನೆ. ಅಜ್ಜಿ ಹೆರೆಮಣೆ ಮೇಲೆ ಕೂತು ತೆಂಗಿನಕಾಯಿ ಹೆರೆಯುತ್ತಿದ್ದರು. ಹೆರೆಮಣೆ ಇಲ್ಲಿಯದೇ, ಕಾಯಿಯೂ ಇಲ್ಲಿಯದೇ. ಬಿಟ್ಟು ಬಂದ ನಾಡಿನಲ್ಲೂ ತೆಂಗು, ಬಂದು ಸೇರಿದಲ್ಲೂ ತೆಂಗು. ಅದೊಂದು ದೊಡ್ಡ ಪುಣ್ಯ. ತುರಿಯನ್ನು ಮೈದಾಹಿಟ್ಟಿಗೆ ಸೇರಿಸಿ ಕಲಸಿ, ಕಾವಲಿಯ ಮೇಲೆ ದಪ್ಪ ರೊಟ್ಟಿ ತಟ್ಟಿದರು. ಆಮೇಲೆ ಒಣಮೆಣಸು, ಸಣ್ಣ ನೀರುಳ್ಳಿ, ಉಪ್ಪನ್ನು ಕಲ್ಲಿನಲ್ಲಿ ಜಜ್ಜಿ, ಕಾಯಿತುರಿಗೆ ಹಾಕಿ ಕೈಯಲ್ಲೇ ಕಿವುಚಿದರು. ತುರಿ ಕೆಂಪಾಗುವವರೆಗೂ ಕಿವುಚಿದರು. ಕೊನೆಗೆ ಲಿಂಬೆ ಹಿಂಡಿದರು.

"ಚಟ್ನಿ ತುಂಬಾ ಚೆನ್ನಾಗಿದೆ ಅಜ್ಜಿ" ಅಂದೆ.

"ಚಟ್ನಿ ಅಲ್ಲ ಮಗಾ, ಸಂಬಲ್" ಅಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಕೂತಿದೆ. ಯಾವ ದೇಶದವರು, ಯಾವ ಪಟ್ಟಿಯವರು ಅಂತ ಬೇರೆಯವರೇ ತೀರ್ಮಾನ ಮಾಡಿದಾಗ ಅವರ ಮಾತು ಕೇಳಿದವರಿಲ್ಲ. ತನ್ನ ಕೈಯಿಂದ ಆದ ಪದಾರ್ಥದ ಹೆಸರನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಟ್ಟಿಲ್ಲ. ಮಂಗಳೂರಿನ ನಮಗೆ ಇದು ಹೊಸತೇನಲ್ಲ ಅಲ್ವಾ? ಗೋವಾ ಬಿಟ್ಟು ಬಂದ ಕುಟುಂಬಗಳ ಕೊಂಕಣಿ ಇಂದಿಗೂ ನಮ್ಮ ರಥಬೀದಿಯಲ್ಲಿ ಕೇಳುತ್ತದೆ.

ರೊಟ್ಟಿಯ ಜತೆ ಹಾಲು ಹಾಕದ ಟೀ ಬಂತು, ಕಚ್ಚಿಕೊಳ್ಳಲು ಒಂದು ತುಂಡು ಬೆಲ್ಲ. ಸಿಲೋನಿನಲ್ಲಿ ಹಾಗೇ ಕುಡಿಯುವುದಂತೆ. ಬಾಗಿಲಿನ ಹತ್ತಿರ ಹೆರೆದು ಖಾಲಿಯಾದ ಗೆರಟೆಗಳ ರಾಶಿ ಇತ್ತು. ಮೊದಲು ರಬ್ಬರ್ ಹಾಲು ಹಿಡಿಯಲು ಮರಕ್ಕೆ ಗೆರಟೆಯನ್ನೇ ಕಟ್ಟುತ್ತಿದ್ದರು. ರಾತ್ರಿಯ ಅಡುಗೆಯ ಗೆರಟೆ, ಬೆಳಿಗ್ಗೆಯ ಕೆಲಸಕ್ಕೆ.

ನಾನು ಹೊರಡುವ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ಬಟ್ಟಲು ಹಿಡಿದು ಬಂದಳು. ಈ ಊರಿನದೇ ಮಗು, ಮನೆಮಾತು ತುಳು. ಅಜ್ಜಿಯ ಹತ್ತಿರ ತುಳುವಿನಲ್ಲೇ ಕೇಳಿದಳು, ಅಮ್ಮ ಸ್ವಲ್ಪ ಸಂಬಲ್ ತರಲು ಹೇಳಿದ್ದಾರೆ ಅಂತ. ಅವಳು ಚಟ್ನಿ ಅನ್ನಲಿಲ್ಲ.