ತಂಡವನ್ನು ಕೇಳದೆ ಬಂದ ‘ಬೆಸ್ಟ್ ಆಫ್’

ಕೇಳುಗರಿಗೆಲ್ಲ ನಮಸ್ಕಾರ.

ಕ್ಯಾಸೆಟ್ ಕಾಲ ನಿಮಗೆ ನೆನಪಿರಬಹುದು. ಒಬ್ಬ ಗಾಯಕರ ಒಂದಷ್ಟು ಹಾಡು ಒಟ್ಟುಹಾಕಿ, ಮೇಲೆ ‘ಹಿಟ್ಸ್’ ಅಂತ ಅಚ್ಚು ಹಾಕಿದರೆ ಮುಗೀತು. ಹಾಡು ಆರಿಸಿದವರು ಯಾರು ಅಂತ ನಾವು ಕೇಳಿದ್ದೇ ಇಲ್ಲ. ಇಂಗ್ಲೆಂಡಿನ ರೇಡಿಯೋಹೆಡ್ ತಂಡದ ವಿಷಯದಲ್ಲಿ ಅದೇ ದೊಡ್ಡ ತಕರಾರಾಯಿತು.

ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್‌ನಲ್ಲಿ ಒಂದೇ ಶಾಲೆಗೆ ಹೋದ ಐದು ಹುಡುಗರು ಕಟ್ಟಿದ ಆಲ್ಟರ್ನೇಟಿವ್ ರಾಕ್ ತಂಡ ಇದು. 1993ರಿಂದ 2003ರೊಳಗೆ ಇಎಂಐ ಕಂಪನಿಗೆ ಆರು ಆಲ್ಬಮ್ ಮಾಡಿಕೊಟ್ಟರು. ನಮ್ಮಲ್ಲಿ ನಾಯಿ ಚಿತ್ರದ ಎಚ್‌ಎಂವಿ ರೆಕಾರ್ಡು ಬರುತ್ತಿತ್ತಲ್ಲ, ಆ ಕಂಪನಿಯೂ ಒಂದು ಕಾಲಕ್ಕೆ ಇದೇ ಇಎಂಐ ಕೈಯಲ್ಲಿತ್ತು. ಒಪ್ಪಂದ ಮುಗಿದ ಮೇಲೆ, ಹಳೆಯ ಹಾಡುಗಳ ಬಳಕೆಯಲ್ಲಿ ನಮ್ಮ ಮಾತೂ ನಡೆಯಬೇಕು ಅಂತ ತಂಡ ಪಟ್ಟು ಹಿಡಿಯಿತು. ಮಾತುಕತೆ ಮುರಿದುಬಿತ್ತು. 2007ರ ಅಕ್ಟೋಬರ್‌ನಲ್ಲಿ ತಂಡ ‘ಇನ್ ರೇನ್‌ಬೋಸ್’ ಆಲ್ಬಮನ್ನು ತನ್ನದೇ ಜಾಲತಾಣದಲ್ಲಿಟ್ಟು, ನಿಮಗೆ ತೋಚಿದಷ್ಟು ಕೊಡಿ ಅಂದಿತು. ಏನೂ ಕೊಡದಿದ್ದರೂ ಸರಿ.

ಕಂಪನಿ ಸುಮ್ನೆ ಕೂರುತ್ತದೆಯೇ? ಅದೇ ಡಿಸೆಂಬರ್‌ನಲ್ಲಿ ಹಳೆಯ ಆಲ್ಬಮ್‌ಗಳನ್ನು ಒಂದೇ ಪೆಟ್ಟಿಗೆಗೆ ತುಂಬಿ ಮಾರಿತು. ತಂಡದ ಗುರುತಾದ ಕರಡಿಯ ಆಕಾರದ ಪೆನ್‌ಡ್ರೈವ್‌ನಲ್ಲೂ ಸಿಗುತ್ತಿತ್ತು! 2008ರ ಜೂನ್‌ನಲ್ಲಿ, ಕಂಪನಿಯೇ ಆರಿಸಿದ ಹಳೆಯ ಹಾಡುಗಳ ಸಂಕಲನ ‘ದಿ ಬೆಸ್ಟ್ ಆಫ್’ ಬಂತು. ಕಾನೂನಿನ ಪ್ರಕಾರ ತಪ್ಪಿಲ್ಲ, ಧ್ವನಿಮುದ್ರಣ ಕಂಪನಿಯದೇ. ಆದರೂ ಮದುವೆ ಮನೆಯವರನ್ನು ಕೇಳದೆ ಫೋಟೋ ಸ್ಟುಡಿಯೋದವರೇ ಆಲ್ಬಮ್ ಮಾಡಿ ಮಾರಿದ ಹಾಗಾಯಿತು, ಅಲ್ವಾ? ನಾವೇ ಮನಸ್ಸಿಟ್ಟು ಮಾಡಿದ್ದರೆ ಚೆನ್ನಾಗಿ ಬರುತ್ತಿತ್ತೇನೋ ಅಂತ ಗಾಯಕ ಥಾಮ್ ಯಾರ್ಕ್ ಬೇಸರಪಟ್ಟುಕೊಂಡರು.

ಹಾಡುಗಳೇನೂ ಕಳಪೆಯಲ್ಲ. ಕೆಟ್ಟಿರುವುದು ಜೋಡಣೆ. 1997ರ ‘ಓಕೆ ಕಂಪ್ಯೂಟರ್’ ಆಲ್ಬಮಿನಲ್ಲಿ ‘ಕರ್ಮಾ ಪೊಲೀಸ್’ ಮುಗಿಯುವುದನ್ನು ಕಿವಿಗೊಟ್ಟು ಕೇಳಿ. ಎಡ್ ಓಬ್ರಯನ್ ಅವರ ಗಿಟಾರ್ ದನಿ ಪ್ರತಿಧ್ವನಿಯ ಯಂತ್ರದೊಳಗೆ ಸುತ್ತಿ ಸುತ್ತಿ, ಊಳಿಡುತ್ತಾ ಕೆಳಕ್ಕೆ ಕುಸಿಯುತ್ತದೆ. ಅದರ ಬೆನ್ನಿಗೇ ‘ಫಿಟ್ಟರ್ ಹ್ಯಾಪಿಯರ್’. ಅಲ್ಲಿ ಮನುಷ್ಯರು ಹಾಡುವುದೇ ಇಲ್ಲ. ಅಚ್ಚುಕಟ್ಟಾಗಿ ಬದುಕುವುದು ಹೇಗೆ ಅಂತ ಕಂಪ್ಯೂಟರ್ ದನಿಯೊಂದು ಭಾವವೇ ಇಲ್ಲದೆ ಪಟ್ಟಿ ಓದುತ್ತಾ ಹೋಗುತ್ತದೆ. ಮೈ ಜುಮ್ಮೆನ್ನುತ್ತದೆ. ‘ಬೆಸ್ಟ್ ಆಫ್’ನಲ್ಲಿ ಗಿಟಾರ್ ಹಾಗೆ ಕುಸಿದ ತಕ್ಷಣ ಶುರುವಾಗುವುದು 1992ರ ‘ಕ್ರೀಪ್’. ತಂಡಕ್ಕೇ ಹಾಡಿ ಹಾಡಿ ಸಾಕಾಗಿದ್ದ ಹಾಡು. ಆ ಎರಡು ಹಾಡುಗಳ ನಡುವೆ ಐದು ವರ್ಷ, ಎರಡು ಆಲ್ಬಮ್ ಬೆಳೆದಿದ್ದ ತಂಡವನ್ನು ಒಂದೇ ಏಟಿಗೆ ಹಿಂದಕ್ಕೆ ಎಳೆದು ಕೂರಿಸಿದಂತಾಯಿತು.

ಇನ್ನೊಂದು ತಮಾಷೆ. 2000ದ ‘ಕಿಡ್ ಎ’ ಆಲ್ಬಮಿನಿಂದ ತಂಡ ಒಂದೇ ಒಂದು ಸಿಂಗಲ್, ಅಂದರೆ ಬಿಡಿಯಾಗಿ ಮಾರುವ ಹಾಡು, ಕೂಡ ಬಿಡುಗಡೆ ಮಾಡಲಿಲ್ಲ. ಬೇಕೆಂದೇ ಬಿಡಲಿಲ್ಲ. ಆದರೂ ಅದರ ‘ಇಡಿಯೊಟೆಕ್’ ಈ ಸಂಕಲನದಲ್ಲಿದೆ. ನನಗೇನೋ ಆ ಹಾಡು ಇಷ್ಟವೇ. ಆದರೆ ಆ ಆಲ್ಬಮನ್ನು ಹೀಗೆ ಬಿಡಿಬಿಡಿಯಾಗಿ ಮಾರಬಾರದು ಅಂತಲೇ ತಾನೇ ತಂಡ ಅಷ್ಟು ಹಠ ಮಾಡಿದ್ದು?

ಆಮೇಲೆ ಇಎಂಐ ಕಂಪನಿಯೇ ಹೋಳಾಗಿ ಮಾರಾಟವಾಯಿತು. 2016ರಲ್ಲಿ ಹಳೆಯ ಆಲ್ಬಮ್‌ಗಳು ಎಕ್ಸ್ಎಲ್ ಎಂಬ ಕಂಪನಿಯ ಕೈಗೆ ಬಂದವು. ತಂಡದ ಒಪ್ಪಿಗೆಯಿಲ್ಲದೆ ಬಂದಿದ್ದ ‘ಬೆಸ್ಟ್ ಆಫ್’ ಸ್ಟ್ರೀಮಿಂಗ್ ಸೇವೆಗಳಿಂದ ಮಾಯವಾಯಿತು. ಈಗ ಬೇಕೆಂದರೆ ಹಳೆಯ ಸಿ.ಡಿ. ಹುಡುಕಬೇಕು. ನಾನಂತೂ ಹುಡುಕುವುದಿಲ್ಲ. ಹೊಸದಾಗಿ ಕೇಳುವವರಿದ್ದರೆ ‘ಓಕೆ ಕಂಪ್ಯೂಟರ್’ ಹಾಕಿಕೊಳ್ಳಿ. ಹನ್ನೆರಡು ಹಾಡು, ಒಂದು ಗಂಟೆಯೂ ಆಗುವುದಿಲ್ಲ. ಮಧ್ಯದಲ್ಲಿ ಯಾವುದನ್ನೂ ಹಾರಿಸಬೇಡಿ.

ನಮಸ್ಕಾರ.