ದೊಡ್ಡ ಮನೆ, ದೂರದ ಆಫೀಸು

ಎಲ್ಲರಿಗೂ ನಮಸ್ಕಾರ. ಸಂತೋಷದ ಬಗ್ಗೆ ಮಾತಾಡಿ ಅಂದರು. ನಾನು ಟ್ರಾಫಿಕ್ ಬಗ್ಗೆ ಮಾತಾಡುತ್ತೇನೆ. ನಗಬೇಡಿ, ಕಾರಣ ಇದೆ.

2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರ ಒಂದು ಅಧ್ಯಯನ ಹೊರಬಂತು. ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸಕ್ಕೆ ಹೋಗುವ 909 ಹೆಂಗಸರು ಅದರಲ್ಲಿದ್ದರು. ನಿನ್ನೆಯ ದಿನವನ್ನು ಸಿನಿಮಾದ ದೃಶ್ಯಗಳ ಹಾಗೆ ತುಂಡು ಮಾಡಿ, ಒಂದೊಂದು ತುಂಡಿನಲ್ಲೂ ಮನಸ್ಸು ಹೇಗಿತ್ತು ಅಂತ ಅವರಿಂದ ಬರೆಸಿದರು. ಕೆಲಸ ಮುಗಿದ ಮೇಲಿನ ಹರಟೆ, ಊಟ, ವಿಶ್ರಾಂತಿ ಮೇಲೆ ಬಂದವು. ಮಕ್ಕಳನ್ನು ನೋಡಿಕೊಳ್ಳುವುದಕ್ಕಿಂತ ಟಿವಿ ನೋಡುವುದೇ ಹಿತವಾಗಿತ್ತಂತೆ! ನಮ್ಮಲ್ಲಿ ಯಾವ ತಾಯಿಯೂ ಇದನ್ನು ಬಾಯಿಬಿಟ್ಟು ಹೇಳಲ್ಲ, ಅಲ್ವಾ? ಎಲ್ಲಕ್ಕಿಂತ ತಳದಲ್ಲಿದ್ದದ್ದು ಬೆಳಗ್ಗೆ ಆಫೀಸಿಗೆ ಹೋಗುವ ದಾರಿ.

ದೂರ ಆದರೇನು, ಮನೆ ದೊಡ್ಡದು, ಸಂಬಳ ಜಾಸ್ತಿ ಅಂತ ನಾವು ಲೆಕ್ಕ ಹಾಕುತ್ತೇವೆ. ಈ ಲೆಕ್ಕ ಸರಿಯಾಗಿದ್ದರೆ, ದೂರದಿಂದ ಬರುವವರೂ ಹತ್ತಿರ ಇರುವವರಷ್ಟೇ ತೃಪ್ತರಾಗಿರಬೇಕು. ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೇ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಅಂಕಿಅಂಶ ಹಿಡಿದು ಇದನ್ನೇ ಪರೀಕ್ಷಿಸಿದರು. 2008ರಲ್ಲಿ ಬಂದ ಉತ್ತರ: ಪ್ರಯಾಣ ಉದ್ದವಾದಷ್ಟೂ ತೃಪ್ತಿ ಕಡಿಮೆ. ಲೆಕ್ಕ ಕೂಡಿಬರಲಿಲ್ಲ.

ಯಾಕೆ ಹೀಗೆ? ನನಗೆ ಅನ್ನಿಸುವುದು ಇಷ್ಟು. ಮನೆಗೆ ನಾವು ಬೇಗ ಒಗ್ಗಿಬಿಡುತ್ತೇವೆ. ಗೃಹಪ್ರವೇಶದ ದಿನ ಬಂದವರಿಗೆಲ್ಲ ತೋರಿಸಿದ ಬಾಲ್ಕನಿಯಲ್ಲಿ ಆರು ತಿಂಗಳಿಗೆ ಬಟ್ಟೆ ಒಣಗುತ್ತಿರುತ್ತೆ. ಟ್ರಾಫಿಕ್ ಹಾಗಲ್ಲ. ಸಿಲ್ಕ್ ಬೋರ್ಡಿನಲ್ಲಿ ಇವತ್ತು ಎಷ್ಟು ಹೊತ್ತು ನಿಲ್ಲಬೇಕೋ ಗೊತ್ತಿಲ್ಲ, ನಾಳೆಯದೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಒಗ್ಗುವುದು ಹೇಗೆ?

ಹಾಗಂತ ದುಡ್ಡಿನಿಂದ ಏನೂ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಇಂಥ ಭಾಷಣಗಳಲ್ಲಿ 1978ರ ಲಾಟರಿ ಅಧ್ಯಯನ ಬಂದೇ ಬರುತ್ತೆ: ಗೆದ್ದವರು ಉಳಿದವರಿಗಿಂತ ಅಂಥಾ ಸುಖಿಗಳೇನೂ ಆಗಿರಲಿಲ್ಲ ಅಂತ. ಆದರೆ ಅದರಲ್ಲಿದ್ದ ವಿಜೇತರು ಬರೀ 22 ಮಂದಿ. ಆಮೇಲೆ ಸ್ವೀಡನ್ನಿನಲ್ಲಿ ಸಾವಿರಾರು ವಿಜೇತರನ್ನು ನೋಡಿದಾಗ, ದೊಡ್ಡ ಬಹುಮಾನ ಬಂದವರ ತೃಪ್ತಿ ವರ್ಷಗಟ್ಟಲೆ ಹೆಚ್ಚೇ ಇತ್ತು. ದುಡ್ಡು ಬೇಡ ಅನ್ನುವ ಉಪದೇಶ ಸಾಮಾನ್ಯವಾಗಿ ದುಡ್ಡಿರುವವರದ್ದೇ.

ಪ್ರಯಾಣಕ್ಕೇ ಬರೋಣ. ಎಲ್ಲರೂ ಆಫೀಸಿನ ಪಕ್ಕಕ್ಕೆ ಮನೆ ಬದಲಿಸಲು ಆಗಲ್ಲ. ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಮನಶ್ಶಾಸ್ತ್ರಜ್ಞರು ಚಿಕಾಗೋದ ರೈಲು ಪ್ರಯಾಣಿಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಪಕ್ಕದ ಅಪರಿಚಿತರನ್ನು ಮಾತಾಡಿಸಬೇಕು, ಇನ್ನೊಂದು ಸುಮ್ನೆ ಕೂತಿರಬೇಕು, ಮೂರನೆಯದು ಎಂದಿನಂತೆ. ಮಾತಾಡಿದವರ ಪ್ರಯಾಣವೇ ಚೆನ್ನಾಗಿತ್ತು. ತಮಾಷೆ ಅಂದರೆ, ಮೊದಲೇ ಊಹಿಸಿ ಅಂದಾಗ ಜನ ಇದರ ಉಲ್ಟಾ ಹೇಳಿದ್ದರು. 'ಎದುರಿನವರಿಗೆ ಮಾತು ಬೇಡ' ಅಂತ ಎಲ್ಲರೂ ಅಂದುಕೊಂಡಿದ್ದರು!

ನಮ್ಮ ಮೆಟ್ರೋ ನೋಡಿ, ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಅದೇ ಮಂಡ್ಯ, ಮದ್ದೂರಿನಿಂದ ಬೆಂಗಳೂರಿಗೆ ದಿನಾ ಓಡಾಡುವ ರೈಲು ಪಾಸಿನವರನ್ನು ಕೇಳಿ. ದೂರ ಅಂದರೆ ಅವರದ್ದು ದೂರ. ಸುಸ್ತು ಅಂತ ಬೈದುಕೊಳ್ಳುತ್ತಲೇ ಗೆಳೆಯನಿಗೆ ಸೀಟು ಹಿಡಿದಿಡುತ್ತಾರೆ, ಇಸ್ಪೀಟು ಹಾಕುತ್ತಾರೆ, ಆಯುಧಪೂಜೆ ಬಂದರೆ ಬೋಗಿಗೇ ಹೂವು ಕಟ್ಟಿ ಪೂಜೆ ಮಾಡುತ್ತಾರೆ. ಇವರನ್ನು ಆ ಜರ್ಮನ್ ಲೆಕ್ಕಕ್ಕೆ ಸೇರಿಸಿದ್ದರೆ ಏನು ಬರುತ್ತಿತ್ತೋ! ಇಲ್ಲಿ ಕೂತವರಲ್ಲಿ ಪಾಸಿನವರು ಯಾರಾದರೂ ಇದ್ದರೆ, ಪ್ರಶ್ನೆ ಕೇಳುವ ಹೊತ್ತಿನಲ್ಲಿ ಮೊದಲು ಅವರೇ ಮಾತಾಡಲಿ.