ಬೀಳುವವನ ಬೆನ್ನಿಗೆ ಮೆತ್ತನೆ ಮಣ್ಣು

ಎಲ್ಲರಿಗೂ ನಮಸ್ಕಾರ.

ಹಾಸ್ಟೆಲ್‌ನ ಹುಡುಗರು ನನ್ನನ್ನು ಕರೆಯಲು ಬಂದಾಗ, "ಸರ್, ಫಿಟ್ನೆಸ್ ಬಗ್ಗೆ ಮಾತಾಡಿ" ಎಂದರು. ಅದನ್ನು ಹೇಳಲು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನು ಗರಡಿ ಮನೆಯ ಬಗ್ಗೆ ಹೇಳುತ್ತೇನೆ. ಅದರಲ್ಲೂ ಮಣ್ಣಿನ ಬಗ್ಗೆ.

ನಾನು ಮೇಷ್ಟ್ರು. ಹಗಲೆಲ್ಲ ನಿಂತು ಪಾಠ, ಸಂಜೆ ಕೂತು ಉತ್ತರ ಪತ್ರಿಕೆ ತಿದ್ದುವುದು. 41 ತುಂಬುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತ್ತು. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದಿದೆ, ಮೈ ಬಗ್ಗಿಸಿ ಎಂದು ಡಾಕ್ಟರು ಹೇಳಿದರು. ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಯಲ್ಲೇ ಒಂದು ಗರಡಿ ಇತ್ತು. ಒಂದು ದಿನ ಬೆಳಿಗ್ಗೆ ಐದೂವರೆಗೆ ಹೋದೆ. ಬಾಗಿಲು ಗಿಡ್ಡ, ತಲೆ ತಗ್ಗಿಸದೆ ಒಳಗೆ ಹೋಗುವಂತಿಲ್ಲ. ಒಳಗೆ ಆಂಜನೇಯನ ಪಟ, ಗೋಡೆಗೆ ಒರಗಿಸಿದ ಗದೆಗಳು, ನಡುವೆ ಕುಸ್ತಿ ಆಡುವ ಕೆಮ್ಮಣ್ಣಿನ ಅಂಕಣ, ಅಂದರೆ ಮಟ್ಟಿ. ಆ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿರುತ್ತಾರೆ. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ.

ದಂಡ, ಬಸ್ಕಿ ಹೊಡೆಸುತ್ತಾರೆ ಎಂದುಕೊಂಡಿದ್ದೆ. ಕುಸ್ತಿ ಕಲಿಸುವ ಗುರುಗಳು, ನಮ್ಮ ಉಸ್ತಾದ್ರು, ಗುದ್ದಲಿ ಕೊಟ್ಟರು. "ಮೇಷ್ಟ್ರೇ, ಮೊದಲು ಮಟ್ಟಿ ಅಗೀರಿ" ಎಂದರು.

ನೋಡಿದವರಿಗೆ ಅದು ಸುಲಭದ ಕೆಲಸ. ಆದರೆ ಹಿಂದಿನ ದಿನ ಕುಸ್ತಿ ಆಡಿ, ತುಳಿದು, ರಾತ್ರಿಯೆಲ್ಲ ಬಿಟ್ಟ ಮಣ್ಣು ನೆಲದ ಹಾಗೆ ಗಟ್ಟಿಯಾಗಿರುತ್ತದೆ. ಬರಿಗಾಲಲ್ಲಿ ನಿಲ್ಲಬೇಕು. ಹಿಂದಕ್ಕೆ ಹೆಜ್ಜೆ ಇಡುತ್ತಾ ಅಗೆಯಬೇಕು, ಇಲ್ಲದಿದ್ದರೆ ಅಗೆದದ್ದನ್ನು ನಾವೇ ತುಳಿಯುತ್ತೇವೆ. ಹತ್ತು ನಿಮಿಷಕ್ಕೆ ನನ್ನ ಉಸಿರು ಗಂಟಲಿಗೆ ಬಂತು. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು. ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿಯಿತು. ಅಗೆದಾದ ಮೇಲೆ ಹೆಂಟೆ ಒಡೆಯುವುದು. ಆಮೇಲೆ ಹಲಗೆಗೆ ಹಗ್ಗ ಕಟ್ಟಿ, ಅದರ ಮೇಲೆ ಒಬ್ಬ ಹುಡುಗನನ್ನು ಕೂರಿಸಿ, ಎಳೆದು ಸಮ ಮಾಡುವುದು. ಅಷ್ಟರಲ್ಲಿ ನನ್ನ ಕಾಲು ನಡುಗುತ್ತಿತ್ತು.

ಉಸ್ತಾದ್ರು ಕೇಳಿದರು, "ಯಾರಿಗೋಸ್ಕರ ಅಗೆದಿರಿ, ಗೊತ್ತಾ?"

"ನನ್ನ ಮೈಗೆ ಒಳ್ಳೇದು ಅಂತ."

"ಅದು ಸರಿ. ಆದ್ರೆ ಇವತ್ತು ಬೀಳೋನಿಗೋಸ್ಕರ. ಅವನ ಬೆನ್ನು ಉಳೀಬೇಕಲ್ವಾ?"

ಆ ಮಾತು ನನ್ನನ್ನು ಬಿಡಲೇ ಇಲ್ಲ. ಅಷ್ಟು ವರ್ಷ ಪಾಠ ಮಾಡಿದ್ದೆ, ಗೆಲ್ಲುವ ಮಕ್ಕಳನ್ನು ತಯಾರು ಮಾಡಿದ್ದೆ. ಬೀಳುವ ಮಗುವಿಗೆ ನೆಲ ಮೆತ್ತಗೆ ಮಾಡಿದ್ದೆನಾ? ಗರಡಿಯಲ್ಲಿ ಮೊದಲು ಕಲಿಸುವುದೇ ಬೀಳುವುದನ್ನು. ಗದ್ದ ಎದೆಗೆ ಒತ್ತಿ, ತಲೆಗೆ ಪೆಟ್ಟಾಗದಂತೆ, ಅಂಗೈ ಮತ್ತು ತೋಳು ಒಟ್ಟಿಗೆ ಮಣ್ಣಿಗೆ ಬಡಿದು ಬೀಳಬೇಕು. ಪಟ್ಟುಗಳೆಲ್ಲ ಆಮೇಲೆ.

ಮಾರನೇ ದಿನ ಅಷ್ಟೇನೂ ನೋವಿರಲಿಲ್ಲ. ಮೂರನೇ ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಇದು ನಿಮಗೂ ಆಗುತ್ತದೆ, ಅದಕ್ಕೇ ಹೇಳುತ್ತೇನೆ. ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡು ಈ ನೋವು ಬರುತ್ತದೆ ಎನ್ನುತ್ತಾರಲ್ಲ, ಅದು ತಪ್ಪು. ಆ ಆಸಿಡ್ ವ್ಯಾಯಾಮ ಮುಗಿದು ಒಂದೆರಡು ಗಂಟೆಯೊಳಗೆ ರಕ್ತದಿಂದ ಹೋಗಿರುತ್ತದೆ. ಅಭ್ಯಾಸವಿಲ್ಲದ ಕೆಲಸಕ್ಕೆ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗಿರುತ್ತವೆ. ಬಸ್ಕಿಯಲ್ಲಿ ಕೆಳಗೆ ಕೂರುವಾಗಿನ ಹಾಗೆ, ಸ್ನಾಯು ಉದ್ದವಾಗುತ್ತಾ ಭಾರ ಹೊರುವಾಗಲೇ ಜಾಸ್ತಿ. ಮೈ ಅದನ್ನು ರಿಪೇರಿ ಮಾಡುವಾಗ ನೋವು ಗೊತ್ತಾಗುತ್ತದೆ. ಎರಡು ಮೂರು ದಿನಕ್ಕೆ ಏರಿ, ತಾನೇ ಇಳಿಯುತ್ತದೆ. ಆದರೆ ಕೀಲಿನಲ್ಲಿ ಚುಚ್ಚುವ ನೋವು ಬೇರೆ. ಅದು ಬಂದರೆ ನಿಲ್ಲಿಸಬೇಕು. ಒಮ್ಮೆಲೇ ನೂರಾರು ಬಸ್ಕಿ ಹೊಡೆದು ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಸುಮ್ನೆ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿದರೆ ಕಿಡ್ನಿಗೇ ಕುತ್ತು ಬರುತ್ತದೆ. ಹಟ ಬೇಕು. ಆದರೆ ಎಲ್ಲಿ ನಿಲ್ಲಬೇಕು ಅಂತ ತಿಳಿಯದ ಹಟ ನನಗೆ ಇಷ್ಟವಿಲ್ಲ.

ಇನ್ನು ಎಣಿಕೆ. ನಮ್ಮಲ್ಲಿ ಬಸ್ಕಿ ಒಬ್ಬೊಬ್ಬರೇ ಎಣಿಸುವುದಿಲ್ಲ. ಸಾಲಾಗಿ ನಿಲ್ಲುತ್ತೇವೆ, ಒಬ್ಬ ಹತ್ತು ಎಣಿಸಿದರೆ ಪಕ್ಕದವನು ಮುಂದಿನ ಹತ್ತು. ಒಂದು ದಿನ ನನ್ನ ಸರದಿ ಬಂತು. ಐವತ್ತೊಂದು, ಐವತ್ತೆರಡು ಎಂದೆ. ಐವತ್ತಮೂರಕ್ಕೆ ಬಾಯಲ್ಲಿ ಗಾಳಿ ಮಾತ್ರ ಬಂತು. ಪಕ್ಕದಲ್ಲಿ ಹೂವಿನ ಅಂಗಡಿಯ ಹುಡುಗ ಇದ್ದ, ಇನ್ನೂ ಮೀಸೆ ಮೂಡದವನು. ನನ್ನ ಕಡೆ ತಿರುಗಿಯೂ ನೋಡದೆ "ಐವತ್ತಮೂರು" ಎಂದ. ಅರವತ್ತರ ತನಕ ಎಣಿಸಿದ, ಆಮೇಲೆ ತನ್ನ ಸರದಿಯ ಹತ್ತನ್ನೂ ಎಣಿಸಿದ. ಮುಗಿದ ಮೇಲೆ ಅದರ ಸುದ್ದಿಯನ್ನೇ ಎತ್ತಲಿಲ್ಲ. ಸಹಾಯ ಮಾಡಿ ಸುಮ್ಮನಿರುವುದು ಹೇಗೆ ಅಂತ ನಾನು ಕಲಿತದ್ದು ಆ ಹುಡುಗನಿಂದ.

ಕೆಮ್ಮಣ್ಣಿನಿಂದಲೇ ಮೇಲೆ ಬಂದ ಕುಸ್ತಿಪಟು ಖಾಶಾಬಾ ಜಾಧವ್ ನನಗೆ ಆಗಾಗ ನೆನಪಾಗುತ್ತಾರೆ. ಮಹಾರಾಷ್ಟ್ರದ ಗೊಳೇಶ್ವರ ಅವರ ಊರು. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ ಮ್ಯಾಟ್ ಮೇಲಿನ ಕುಸ್ತಿಯೇ ಹೊಸತು. ಆರನೇ ಸ್ಥಾನ ಬಂತು. ಮುಂದಿನ ಒಲಿಂಪಿಕ್ಸ್‌ಗೆ ಹೋಗಲು ದುಡ್ಡಿರಲಿಲ್ಲ. ಊರವರು ಚಂದಾ ಎತ್ತಿದರು. ಕೊಲ್ಹಾಪುರದಲ್ಲಿ ಅವರು ಓದಿದ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟು ದುಡ್ಡು ಹೊಂದಿಸಿದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಜಾಧವ್ ಕಂಚು ಗೆದ್ದರು. ಸ್ವತಂತ್ರ ಭಾರತದ ಆಟಗಾರನೊಬ್ಬ ಒಲಿಂಪಿಕ್ಸ್‌ನಲ್ಲಿ ಗೆದ್ದ ಮೊದಲ ವೈಯಕ್ತಿಕ ಪದಕ ಅದು. ಪದಕದ ಫೋಟೋ ಎಲ್ಲರೂ ನೋಡುತ್ತಾರೆ. ನನ್ನ ಕಣ್ಣಿಗೆ ಕಟ್ಟುವುದು ಆ ಪ್ರಾಂಶುಪಾಲರು. ಮನೆಪತ್ರ ಕೈಯಲ್ಲಿ ಹಿಡಿದು ಹೊರಟಾಗ, ಇವನು ಸೋತರೆ ಗತಿಯೇನು ಅಂತ ಅವರಿಗೆ ಅನ್ನಿಸಿರಲಿಲ್ಲವೇ? ಅನ್ನಿಸಿಯೂ ಕೊಟ್ಟಿರಬೇಕು. ಅದೂ ಮಟ್ಟಿ ಅಗೆಯುವ ಕೆಲಸವೇ ಅಲ್ವಾ?

ನಾನು ಪೈಲ್ವಾನನಾಗಲಿಲ್ಲ. ದಸರಾ ಕುಸ್ತಿಯನ್ನು ದೊಡ್ಡಕೆರೆ ಮೈದಾನದಲ್ಲಿ ಕೂತು ನೋಡುವವನೇ. ಆದರೆ ತರಗತಿಯಲ್ಲಿ ಒಂದು ಬದಲಾವಣೆ ಮಾಡಿಕೊಂಡೆ. ಪರೀಕ್ಷೆಯ ಫಲಿತಾಂಶ ಬಂದ ದಿನ ಮೊದಲ ರ್‍ಯಾಂಕ್ ಮಗುವಿನ ಮನೆಗೆ ಹೋಗುವುದನ್ನು ಬಿಟ್ಟು, ಫೇಲಾದ ಮಗುವಿನ ಮನೆಗೆ ಹೋಗಲು ಶುರು ಮಾಡಿದೆ. ಒಂದು ಲೋಟ ಕಾಫಿ ಕುಡಿದು, ಮರುಪರೀಕ್ಷೆಯ ಫಾರಂ ಅಲ್ಲೇ ಕೂತು ತುಂಬಿಸಿ ಬರುತ್ತೇನೆ.

ಉಸ್ತಾದ್ರಿಗೆ ಈಗ ವಯಸ್ಸಾಗಿದೆ. ಮಂಡಿ ಬಗ್ಗುವುದಿಲ್ಲ. ಆದರೂ ಬೆಳಿಗ್ಗೆ ಬಂದು ಮಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೋದ ಭಾನುವಾರ ನಾನು ಅಗೆದು, ಹಲಗೆ ಎಳೆದು ನಿಂತೆ. ಒಂದು ಹಿಡಿ ಮಣ್ಣು ತರಿಸಿಕೊಂಡರು. ಮುಷ್ಟಿಯಲ್ಲಿ ಒತ್ತಿ, ನಿಧಾನವಾಗಿ ಬಿಚ್ಚಿದರು. ಉಂಡೆ ಹಾಗೇ ನಿಂತಿತ್ತು.

"ಇನ್ನೂ ಗಟ್ಟಿ ಇದೆ ಮೇಷ್ಟ್ರೇ. ಇವತ್ತು ಹೊಸ ಹುಡುಗ ಒಬ್ಬ ಬರ್ತಾನೆ. ಆ ಮೂಲೆ ಇನ್ನೊಂದ್ಸಲ ಅಗೀರಿ."

ನಾನು ಗುದ್ದಲಿ ಎತ್ತಿಕೊಂಡೆ.